ಪೌಡರ್ ಹಚ್ಚಿದ ಡೀಸೆಲ್ ಪೈಪು

"ಇವತ್ತೇ ಕೊನೆ. ನಾಳೆಯಿಂದ ಬೇರೆ ಗ್ಯಾರೇಜಿಗೆ ಹೋಗ್ತೀನಿ," ಎಂದು ಗಿಡಗಳ ನರ್ಸರಿಯ ಹುಡುಗಿ ಪಿಕಪ್ಪಿನ ಬಾಗಿಲನ್ನು ದಡಾರನೆ ಹಾಕಿದಳು. ಮೆಲ್ಲಗೆ ಹಾಕಿದರೆ ಆ ಬಾಗಿಲು ಕೂರುತ್ತಲೇ ಇರಲಿಲ್ಲ. ಹಾಗಾಗಿ ಅದರಲ್ಲಿ ಕೋಪದ ಪಾಲೆಷ್ಟು ಎಂದು ಮೆಕ್ಯಾನಿಕ್‌ಗೆ ತಟ್ಟನೆ ತಿಳಿಯಲಿಲ್ಲ.

ಕೋಪ ನಿಜವೇ ಆಗಿತ್ತು. ಗಾಡಿ ಹಳೆಯದು, ಒಪ್ಪೋಣ. ಹೂಗಿಡಗಳನ್ನು ಹೊತ್ತು ಹೊತ್ತು ಸುಸ್ತಾಗಿದೆ, ಅದನ್ನೂ ಒಪ್ಪೋಣ. ಆದರೆ ಇವನು ಸರಿಮಾಡಿ ಕಳಿಸಿದ ಡೀಸೆಲ್ ಪೈಪು ಪ್ರತಿ ಸಲವೂ ವಾರ ತುಂಬುವುದರೊಳಗೆ ಅದೇ ಜಾಗದಲ್ಲಿ ಸೋರುವುದೆಂದರೆ? ಬೇಕೆಂದೇ ಸಡಿಲ ಬಿಡುತ್ತಿದ್ದಾನೆ, ಇನ್ನೇನು.

ಹಾಳಾದ್ದು, ಅವಳಿಗೆ ಅವನೆಂದರೆ ಇಷ್ಟ. ಗ್ಯಾರೇಜಿಗೆ ಬರುವ ದಿನ ಒಳ್ಳೆಯ ಬಟ್ಟೆ ಹಾಕಿಕೊಂಡು, ಮಸಿ ತಾಗಿಸಿಕೊಂಡು ಹೋಗಿ, ಮನೆಯಲ್ಲಿ ಸೋದರತ್ತೆಯ ಹತ್ತಿರ ಬೈಸಿಕೊಳ್ಳುವಷ್ಟು ಇಷ್ಟ. ಅಂಥವನು ಮೋಸಗಾರನಾಗಿಬಿಟ್ಟರೆ ಏನು ಮಾಡುವುದು ಎಂದು ರಾತ್ರಿಯೆಲ್ಲ ಹೊರಳಾಡಿದ್ದಳು.

"ಮೊದಲು ಬಾನೆಟ್ ಎತ್ತೋಣ. ಬೈಯೋದಿದ್ರೆ ಆಮೇಲೆ ಬೈಯಿರಿ," ಎಂದ ಅವನು.

ನಿನ್ನೆ ಗಾಡಿ ವಾಪಸ್ ಕಳಿಸುವ ಮುಂಚೆ ಅವನು ಪೈಪನ್ನು ಒಣಬಟ್ಟೆಯಲ್ಲಿ ಒರೆಸಿ, ಈ ತುದಿಯಿಂದ ಆ ತುದಿಯವರೆಗೆ ಮುಖದ ಪೌಡರ್ ಉದುರಿಸಿದ್ದ. ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ಲೀಕು ಎಂದು ಅವನ ಲೆಕ್ಕ. ಈಗ ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡಿದರು. ಪೈಪಿಡೀ ಬೆಳ್ಳಗೆ ಹಾಗೇ ಇತ್ತು. ಫಿಲ್ಟರಿನ ಪಕ್ಕದ ಕ್ಲಿಪ್ಪಿನ ಹತ್ತಿರ ಮಾತ್ರ ಡೀಸೆಲ್ ಜಿನುಗುತ್ತಿತ್ತು. ಅದರ ಪಕ್ಕದಲ್ಲಿ, ಪೌಡರಿನ ಮೇಲೆ, ಯಾರದೋ ಬೆರಳಿನ ಗುರುತು.

"ನೋಡಿ, ಯಾರೋ ಕ್ಲಿಪ್ ಸಡಿಲ ಮಾಡಿದ್ದಾರೆ," ಎಂದು ಅವನು ಅವಳ ಕಡೆ ಒಂಥರಾ ನೋಡಿದ.

"ನನ್ನನ್ಯಾಕೆ ನೋಡ್ತೀರಿ?"

"ಗಾಡಿ ನಿಮ್ಮ ಮನೇಲಿತ್ತಲ್ಲ."

"ಓಹೋ. ನಿಮ್ಮ ಮುಖ ನೋಡೋಕೆ ನಾನೇ ಬಿಚ್ಚಿದೆ ಅಂತಾನಾ?"

ಅವನು ತನ್ನ ಬೆರಳನ್ನು ಗುರುತಿನ ಪಕ್ಕ ಹಿಡಿದ. ಗುರುತು ಅವನ ಬೆರಳಿಗಿಂತ ಸಣ್ಣದಿತ್ತು. ಅವಳೂ ಹಟಕ್ಕೆ ಬಿದ್ದು ತನ್ನ ಬೆರಳಿಟ್ಟಳು. ಅವಳ ಬೆರಳು ಗುರುತಿಗಿಂತಲೂ ಸಣ್ಣ. ಅಷ್ಟು ಇಕ್ಕಟ್ಟಿನಲ್ಲಿ ಎರಡು ಕೈ ತಾಗದೆ ಇರುತ್ತವೆಯೇ? ತಾಗಿದವು. ಇಬ್ಬರಿಗೂ ಕೈ ತೆಗೆಯುವ ನೆನಪಾಗಲಿಲ್ಲ.

"ನಾನು ಮಾಡಿಲ್ಲ," ಎಂದ ಅವನು ಸಣ್ಣ ದನಿಯಲ್ಲಿ. "ಮಾಡೋಣ ಅಂತ ಮನಸ್ಸಿಗೆ ಬಂದಿತ್ತು. ನಿಮ್ಮ ಗಿಡಗಳು ದಾರೀಲಿ ಬಾಡ್ತವೆ ಅಂತ ಬಿಟ್ಟೆ."

ಅವಳ ಕೋಪ ಎಲ್ಲಿ ಹೋಯಿತೋ. "ನಾನೂ ಮಾಡಿಲ್ಲ," ಎಂದಳು. "ಆದರೆ ದಿನಾ ಬೆಳಿಗ್ಗೆ ಗಾಡಿ ಕೆಳಗೆ ಬಗ್ಗಿ ನೋಡ್ತಿದ್ದೆ. ಸೋರಿಲ್ಲ ಅಂದ್ರೆ ಬೇಜಾರಾಗ್ತಿತ್ತು."

ಆಗ ಕ್ಯಾಬಿನ್ನಿನಿಂದ ಕೆಮ್ಮು ಕೇಳಿಸಿತು. ಅವಳ ಜೊತೆಗೇ ಬಂದಿದ್ದ, ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ, ಟೈಲರ್ ಅತ್ತೆ, ಏನೂ ತಿಳಿಯದವರಂತೆ ಹೊರಗೆ ನೋಡುತ್ತ ಕೂತಿದ್ದರು. ಕನ್ನಡಕದ ಗಾಜಿನ ಮೇಲೆ ಹೆಬ್ಬೆರಳಿನ ಬಿಳಿ ಪೌಡರ್ ಗುರುತು. ಮಡಿಲಲ್ಲಿ ಹೊಲಿಗೆ ಮಷೀನಿನ ಪುಟ್ಟ ಸ್ಕ್ರೂಡ್ರೈವರ್.

"ಅತ್ತೆ," ಎಂದಳು ಅವಳು.

"ಏನೇ ಅತ್ತೆ? ನೀನು ಬಾಯಿ ಬಿಡಲ್ಲ, ಆ ಮಹಾರಾಯನೂ ಬಿಡಲ್ಲ. ನಾನು ಎಷ್ಟು ದಿನ ಅಂತ ಕಾಯ್ಲಿ?"

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮೆಕ್ಯಾನಿಕ್ ನಗು ತಡೆಯಲು ಕ್ಲಿಪ್ಪನ್ನು ಜೋರಾಗಿ ಬಿಗಿದ.

"ನೀನೇನಪ್ಪ ನಗೋದು?" ಅತ್ತೆ ಅವನನ್ನೂ ಬಿಡಲಿಲ್ಲ. "ಬೇರೆ ಗಾಡಿಗೆಲ್ಲ ಪೈಪಿನೊಳಗೆ ಸೇರಿದ ಗಾಳೀನ ಒಬ್ಬನೇ ಹೊರಗೆ ತೆಗೀತೀಯ. ನಮ್ಮ ಗಾಡಿಗೆ ಮಾತ್ರ ಗುಳ್ಳೆ ನಿಂತಿತಾ ಅಂತ ನೋಡೋಕೆ ಇವಳೇ ಬೇಕು, ಅಲ್ವಾ?"

ನಗು ಅಲ್ಲಿಗೇ ನಿಂತಿತು. ಅವನ ಕಿವಿ ಕೆಂಪಗಾಗಿದ್ದನ್ನು ಅವಳು ಮಸಿಯ ನಡುವೆಯೂ ಕಂಡಳು. ಇಷ್ಟು ದಿನ ಅದೂ ರಿಪೇರಿಯ ಒಂದು ಭಾಗ ಎಂದೇ ನಂಬಿದ್ದಳಲ್ಲ.

"ಹೌದಾ?" ಎಂದು ಕೇಳಿದಳು.

"ಹೌದು," ಎಂದ ಅವನು. "ನೀವು ಪಕ್ಕದಲ್ಲಿ ನಿಂತಿದ್ರೆ ನನಗೆ ಇಷ್ಟ. ಬೇರೆ ಹೇಗೆ ಕರೀಬೇಕೋ ಗೊತ್ತಾಗ್ಲಿಲ್ಲ."

ಅವಳು ಬಟ್ಟೆಯ ತೋಳನ್ನು ಮೇಲಕ್ಕೆ ಮಡಚಿಕೊಂಡಳು. "ಇವತ್ತು ಪಂಪ್ ನಾನು ಒತ್ತುತ್ತೀನಿ. ಗುಳ್ಳೆ ನೀವು ನೋಡಿ."

ಫಿಲ್ಟರಿನ ಮೇಲಿನ ಕೈಪಂಪನ್ನು ಅವಳು ಒತ್ತುತ್ತ ಹೋದಳು. ಅವನು ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕೆಳಗೆ ಡಬ್ಬಿ ಹಿಡಿದ. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ಬರೀ ತಿಳಿ ಡೀಸೆಲ್. ಅವನು ಸಾಕು ಎನ್ನಲಿಲ್ಲ, ಅವಳೂ ಕೈ ಬಿಡಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ. ಅವಳು ಅವನು ನೋಡುವುದನ್ನು ನೋಡುತ್ತಿದ್ದಳು. ಡಬ್ಬಿ ತುಂಬಿ ಅವನ ಚಪ್ಪಲಿಯ ಮೇಲೆ ಹರಿಯಿತು.

"ಗುಳ್ಳೆ ನಿಂತು ಯಾವ ಕಾಲವಾಯ್ತು," ಎಂದು ಅತ್ತೆ ಕ್ಯಾಬಿನ್ನಿನಿಂದ ಕೂಗಿದರು. "ಇನ್ನಾದ್ರೂ ಸ್ಕ್ರೂ ಬಿಗೀರಿ. ಮುಂದಿನ ಸಲ ಬರೋಕೆ ಸ್ವಲ್ಪ ಡೀಸೆಲ್ ಇರ್ಲಿ."