ಜಾಹೀರಾತಿಲ್ಲದ ಬೇಡಿಕೆ

"ನನ್ನ ಕ್ಲಾಸ್ ಮುಚ್ಚಿ ಅಂತ ಬರೆದಿದ್ದು ನೀವೇನಾ?"

ಅವಳು ಕೇಳಿದ ರಭಸಕ್ಕೆ ಮೇಜಿನಾಚೆ ಕೂತಿದ್ದವನು ಪೆನ್ನು ಕೆಳಗಿಟ್ಟ. ಯಾವ ಕಸುಬಿನ ತರಬೇತಿಗೆ ಸರ್ಕಾರ ಹಣ ಕೊಡಬೇಕೆಂದು ಅಳೆಯುವ ಅಧಿಕಾರಿ ಅವನು. ಅವಳು ಫ್ಯಾಕ್ಟರಿಗಳ ಹೊಲಿಗೆ ಯಂತ್ರ ರಿಪೇರಿ ಕಲಿಸುವ ಮೇಡಂ.

ಅವನು ತಾಳ್ಮೆಯಿಂದಲೇ ವಿವರಿಸಿದ. ಕಸುಬಿಗೆ ಕೌಶಲ ಬೇಕು, ಸಂಬಳ ಚೆನ್ನಾಗಿರಬೇಕು. ಅವೆರಡರಲ್ಲೂ ಅವಳದು ಪಾಸು. ಆದರೆ ಬೇಡಿಕೆಯೂ ಇರಬೇಕಲ್ಲ? ಅದನ್ನು ಎಣಿಸುವುದು ಕೆಲಸದ ಜಾಹೀರಾತುಗಳಿಂದ. ಇಡೀ ವರ್ಷ ಮೆಕ್ಯಾನಿಕ್ ಬೇಕೆಂದು ಒಬ್ಬರೂ ಜಾಹೀರಾತು ಕೊಟ್ಟಿಲ್ಲ.

"ಯಾಕ್ ಕೊಡ್ತಾರೆ ಸರ್? ಪರೀಕ್ಷೆಗೆ ಮುಂಚೇನೇ ಫ್ಯಾಕ್ಟರಿಯವರು ನನ್ನ ಬಾಗಿಲಲ್ಲಿ ನಿಂತು ಹುಡುಗೀರನ್ನ ಕರ್ಕೊಂಡು ಹೋಗ್ತಾರೆ. ಊಟ ಎದುರಿಗಿರೋನು ಹಸಿವು ಅಂತ ಡಂಗುರ ಹೊಡೀತಾನಾ?"

ಅವನು ನಕ್ಕುಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು.

ಆಮೇಲೆ ಅವನು ಕ್ಲಾಸು ನೋಡಲು ಬಂದ. ಮತ್ತೆ ಮತ್ತೆ ಬಂದ. ಮೂಲೆಯ ಸ್ಟೂಲಿನಲ್ಲಿ ಕೂತು, ಯಂತ್ರದ ತಪ್ಪು ಸದ್ದನ್ನು ಅವಳು ಕಿವಿಯಲ್ಲೇ ಹಿಡಿಯುವುದನ್ನು ನೋಡುತ್ತಿದ್ದ. ಹೆಚ್ಚು ಮಾತಿಲ್ಲ. ಹುಡುಗಿಯರು ಆ ಸ್ಟೂಲಿಗೆ 'ಸರ್ಕಾರಿ ಸೀಟು' ಎಂದು ಹೆಸರಿಟ್ಟರು. ಅವಳು ಗದರಿದಳು. ಆದರೂ ಬೆಳಿಗ್ಗೆ ಅದನ್ನು ಒರೆಸಿಡುವುದು ಮರೆಯಲಿಲ್ಲ.

ತಿಂಗಳ ಕೊನೆಗೆ ಬೀಗ ಬಿದ್ದೇ ಬಿತ್ತು. ಅವನು ಬರುವುದೂ ನಿಂತಿತು.

'ಮೂಗಿಗೆ ತುಪ್ಪ ಸವರಿ ಹೋದ. ಹಾಳಾಗಿ ಹೋಗಲಿ...' ಎಂದುಕೊಂಡು ಅವಳು ಪುಟ್ಟದೊಂದು ರಿಪೇರಿ ಅಂಗಡಿ ತೆರೆದಳು. ಕ್ಲಾಸು ಹೋದದ್ದಕ್ಕಿಂತ ಅವನು ಹೋದದ್ದು ಹೆಚ್ಚು ಕಾಡುತ್ತಿತ್ತು. ಅದಕ್ಕೇ ತನ್ನ ಮೇಲೆ ತನಗೇ ಸಿಟ್ಟು.

ಎಷ್ಟೋ ವಾರಗಳ ಮೇಲೆ ಒಂದು ಮಧ್ಯಾಹ್ನ ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕಲಿತವರು ಸಿಗದೆ ಫ್ಯಾಕ್ಟರಿಗಳಲ್ಲಿ ಯಂತ್ರಗಳು ಕೆಟ್ಟು ಕೂತಿವೆಯಂತೆ. ಈಗ ದಿನಾ ಜಾಹೀರಾತಂತೆ. ಮುಂದಿನ ವರ್ಷ ಕ್ಲಾಸು ಮತ್ತೆ ಶುರುವಂತೆ.

"ಅಂದ್ರೆ, ಮುಚ್ಚಿದ ಮೇಲೆ ಬೇಕು ಅಂತ ಗೊತ್ತಾಯ್ತು ನಿಮಗೆ."

"ನಿಮ್ಮ ಕ್ಲಾಸು ನೋಡಿದ ಮೇಲೆ, ಮುಚ್ಚಿದ್ರೆ ಹೀಗಾಗುತ್ತೆ ಅಂತ ಆಗಲೇ ಬರೆದೆ. ಎಣಿಸೋಕೆ ಬರದಿದ್ದನ್ನ ಬರೀಬೇಡ ಅಂದ್ರು ಮೇಲಿನವರು. ಬರಿಗೈಲಿ ನಿಮ್ಮೆದುರು ಹೇಗೆ ಬರ್ಲಿ..."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು, ಮೂಲೆಯಿಂದ ಸ್ಟೂಲೊಂದನ್ನು ಎಳೆದಳು. ಕ್ಲಾಸಿನಿಂದ ಅವಳು ಹೊತ್ತು ತಂದಿದ್ದ ಅದೇ ಸರ್ಕಾರಿ ಸೀಟು. ಧೂಳಿರಲಿಲ್ಲ.

"ಸರ್ಕಾರಾನ ಬೈದು ಏನ್ ಬಂತು? ನೀವು ಬರೋದು ನಿಂತ ಮೇಲೇ ನಂಗೂ ಗೊತ್ತಾಗಿದ್ದು."

"ಏನು?"

"ಅದಕ್ಕೂ ಜಾಹೀರಾತು ಕೊಡ್ಬೇಕಾ?"

"ಬೇಡ," ಎಂದು ಅವನು ಕೂತ. "ಈ ಸಲ ಎದ್ದು ಹೋಗಲ್ಲ."