ಕಂಬದ ಬಳಿಯ ಅಪಶಕುನ

ಹೆಣ್ಣು ನೋಡಲು ಹೊಸಪೇಟೆಯಿಂದ ಹೊರಟ ಕಾರು ಕಂಪ್ಲಿಯಲ್ಲಿ ಹುಡುಗಿಯ ಮನೆಯ ಬೀದಿಯ ತಿರುವಿನಲ್ಲಿ ನಿಂತುಬಿಟ್ಟಿತು. ಮುಂದೆ ಇನ್ನೊಂದು ಕಾರು ಲೈಟುಕಂಬಕ್ಕೆ ಗುದ್ದಿ ಮೂತಿ ಮುರಿದುಕೊಂಡಿತ್ತು. ರಸ್ತೆಯ ತುಂಬ ಗಾಜಿನ ಚೂರು. ಸುತ್ತ ಜನ, ಜನರ ಕೈಯಲ್ಲೆಲ್ಲ ಮೊಬೈಲು.

"ರಕ್ತ ಅಡ್ಡ ಬಂತು. ಗಾಡಿ ತಿರುಗಿಸು ಲೇ ರೇವಣ," ಎಂದರು ಸೋದರಮಾವ ದೊಡ್ಡಬಸಪ್ಪ. "ಈ ಸಂಬಂಧ ಬ್ಯಾಡ. ದೇವ್ರ ಹೇಳ್ಯಾನ."

ಸ್ಟಿಯರಿಂಗ್ ಹಿಡಿದಿದ್ದ ರೇವಣಸಿದ್ದ ತಿರುಗಿಸಲಿಲ್ಲ. ಜನರ ಕಾಲುಗಳ ನಡುವೆ ಹಸಿರು ರೇಷ್ಮೆ ಸೀರೆ, ಅದನ್ನುಟ್ಟವಳ ಮುಖ ಕಂಡಿತ್ತು. ಆ ಮುಖ ಎಷ್ಟೋ ದಿನದಿಂದ ಅವನ ಫೋನಿನಲ್ಲಿತ್ತು.

ಫೋಟೋದ ಗಂಗಾಂಬಿಕಾ ಸುಮ್ಮನೆ ನಗುತ್ತಿದ್ದಳು. ಈ ಗಂಗಾಂಬಿಕಾ, ಅವನಿಗೆ ತೋರಿಸಲೆಂದೇ ಮನೆಯವರು ಸಿಂಗರಿಸಿದ್ದ ಹುಡುಗಿ, ಟಾರಿನ ಮೇಲೆ ಕೂತು ಗಾಯಗೊಂಡ ಚಾಲಕನ ಹಣೆಗೆ ಹೊಸ ಸೆರಗನ್ನು ಒತ್ತಿ ಹಿಡಿದಿದ್ದಳು.

"ಕಣ್ಣು ಮುಚ್ಚಬ್ಯಾಡ್ರಿ ಅಣ್ಣಾ. ಮಗಳ ಹೆಸರೇನಂದ್ರಿ?"

"ಅಂಜಲಿ..."

"ಎಷ್ಟನೇ ಕ್ಲಾಸು? ನಿಮ್ಮಂಗ ಜೋರಾಗಿ ಸೈಕಲ್ ಓಡಿಸ್ತಾಳೇನು?"

ರಕ್ತ ಮೆತ್ತಿದ ಆ ಮುಖದಲ್ಲೂ ಸಣ್ಣ ನಗು ಹಾದುಹೋಯಿತು. ಇಂಥ ಹೊತ್ತಿನಲ್ಲಿ ಒಬ್ಬನನ್ನು ನಗಿಸಬಲ್ಲವಳನ್ನು ರೇವಣಸಿದ್ದ ಕಣ್ತುಂಬ ನೋಡಿದ. ಕಾರಿನಿಂದ ಇಳಿದದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ.

ಅವಳು ತಲೆಯೆತ್ತಿದಳು. "ಏನ್ರೀ ಇಸ್ತ್ರಿ ಅಂಗಿ, ನಿಂತು ನೋಡಾಕ ಬಂದೀರೇನು? ಆ ಗಾಡಿ ನಿಮ್ದಾದ್ರ ಜಲ್ದಿ ತರ್ರಿ!"

"ಲೇ, ಶುಭಕಾರ್ಯದ ಗಾಡ್ಯಾಗ ರಕ್ತ ಹಚ್ಚತೀಯೇನು?" ದೊಡ್ಡಬಸಪ್ಪ ಬಾಗಿಲು ಬಿಡಲಿಲ್ಲ.

"ನೀವು ಇಳೀರಿ ಮಾವ." ಹಣ್ಣಿನ ಬುಟ್ಟಿ, ತೆಂಗಿನಕಾಯಿ, ಹೂವು ಎಲ್ಲವನ್ನೂ ಅವರ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕೂರಿಸಿ, ಗಾಯಾಳುವನ್ನು ಹತ್ತಿಸಿಕೊಂಡು ಹೊರಟ.

ಹಿಂದಿನ ಸೀಟಿನಲ್ಲಿ ಅವಳ ಮಡಿಲಲ್ಲಿ ಗಾಯಾಳುವಿನ ತಲೆ. ಕನ್ನಡಿಯಲ್ಲಿ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿ, ಅಲ್ಲೇ ನಿಂತು, ಗುರುತು ಹಿಡಿಯಿತು. ಅವಳ ಕಿವಿ ಕೆಂಪಾಯಿತು. ಬಾಯಿ ಮಾತ್ರ ಸೋಲಲಿಲ್ಲ.

"ಕನ್ನಡಿ ಬಿಟ್ಟು ರೋಡ್ ನೋಡ್ರಿ. ಇನ್ನೊಂದು ಕಂಬಕ್ಕ ಹಾಕೀರಿ ಮತ್ತ!"

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಜೀವಕ್ಕೆ ಭಯವಿಲ್ಲ ಎಂದರು. ಅವಳು ನಲ್ಲಿಯಲ್ಲಿ ಕೈ ತೊಳೆದು ಬೆಂಚಿನ ಮೇಲೆ ಕುಸಿದಳು. ಅವನು ಚಹಾ ತಂದುಕೊಟ್ಟ. ಅವಳು ತರಬೇಕಿದ್ದ ಚಹಾ.

"ಅಪ್ಪ ಫೋನ್ ಮಾಡಿದ್ರು," ಎಂದಳು. ಈಗ ದನಿಯಲ್ಲಿ ತುಂಟತನವಿರಲಿಲ್ಲ. "ಹೆಣ್ಣಿನ ಬೀದ್ಯಾಗ ರಕ್ತ ಬಿತ್ತು, ಅಪಶಕುನ ಅಂತ ನಿಮ್ಮ ಮಾವ ಸಂಬಂಧ ಬ್ಯಾಡ ಅಂದ್ರಂತ. ನಾಳೆ ಊರೆಲ್ಲ ಇದನ್ನ ಅಂತೈತಿ. ನೀವೂ ಹಂಗ ಅಂತೀರೇನು?"

"ಹಾದಿಗುಂಟ ಪ್ರಶ್ನೆ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಏನ್ ಓದೀರಿ, ಅಡಿಗಿ ಬರ್ತೈತೇನು... ಒಂದೂ ನೆನಪಿಲ್ಲ," ಎಂದ ರೇವಣಸಿದ್ದ. "ಈಗ ಕೇಳೋದು ಒಂದ. ಗಂಡು ನಿಮಗ ಒಪ್ಪಿಗಿ ಆತೇನ್ರಿ?"

ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ನಿಧಾನವಾಗಿ ಚಹಾ ಕುಡಿದಳು.

"ಮಾವಗ ಫೋನ್ ಹಚ್ರಿ. ನನ್ ಮುಂದ."

ಅವನು ಹಚ್ಚಿದ. "ಮಾವಾ, ಸಿಟ್ಟು ಆಮೇಲೆ ಮಾಡ್ರಂತ. ಮೊದಲು ಆ ಕಟ್ಟಿ ಮ್ಯಾಲಿಂದ ಎದ್ದು ಅವರ ಮನ್ಯಾಗ ಹೋಗಿ ಕುಂದ್ರಿ. ನಾವಿಬ್ರೂ ಬರಾಕತ್ತೀವಿ."

ಆ 'ನಾವಿಬ್ರೂ' ಕೇಳಿ ಗಂಗಾಂಬಿಕಾ ತಲೆ ತಗ್ಗಿಸಲಿಲ್ಲ. ಬೆಂಚಿನ ಮೇಲೆ ತುಸು ಸರಿದು ಜಾಗ ಮಾಡಿಕೊಟ್ಟು, ಗಂಡನ್ನು ನೆಟ್ಟಗೆ, ಮನಸಾರೆ ನೋಡಿದಳು.