ಇನ್ನೂರ ಹದಿನೇಳನೇ ನಳಿಕೆ

ಇನ್ಸ್‌ಪೆಕ್ಟರ್ ದಾಕ್ಷಾಯಿಣಿಗೆ ರಕ್ತದ ವಿಜ್ಞಾನ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ಆಕೆ ಕಂಡಿದ್ದೆಲ್ಲ ಡಾಂಬರಿನ ಮೇಲೆ ಒಣಗಿದ ರಕ್ತ, ಕುಡುಗೋಲಿಗೆ ಅಂಟಿದ ರಕ್ತ. 2024ರ ನವೆಂಬರ್ 25, ಸೋಮವಾರ ಬೆಳಿಗ್ಗೆ 9.40ಕ್ಕೆ ಗೋಕಾಕದ ಠಾಣೆಗೆ ಬಂದ ದೂರಿನಲ್ಲಿ ರಕ್ತ ಕೆಂಪಾಗಿಯೂ ಇರಲಿಲ್ಲ.

ದೂರುದಾರ ಡಾ. ಗುರುರಾಜ, ಊರ ಹೊರಗಿನ ಖಾಸಗಿ ಸಂಶೋಧನಾ ಕೇಂದ್ರದ ಮುಖ್ಯಸ್ಥ. ಮಾರ್ಚಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ 640 ಜನರ ರಕ್ತ ತೆಗೆಸಿದ್ದ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹಳದಿ ತಿಳಿ, ಅಂದರೆ ಸೀರಂ, ತಲಾ ಒಂದು ನಳಿಕೆಯಂತೆ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿತ್ತು. ಕಿಡ್ನಿ ಕೆಡುವ ಮುಂಚೆ ಸೀರಂನ ಯಾವ ಪ್ರೋಟೀನು ಸುಳಿವು ಕೊಡುತ್ತದೆ ಎಂಬುದು ಆತನ ಸಂಶೋಧನೆ. ಶನಿವಾರ ಸಂಜೆಯ ನಂತರ ಯಾರೋ ಸ್ವಿಚ್ ಆರಿಸಿ, ಅಲಾರಂ ವೈರು ಕಿತ್ತಿದ್ದರು; ಸೋಮವಾರದ ಹೊತ್ತಿಗೆ ಎಲ್ಲ ಕರಗಿ ಕೆಟ್ಟಿತ್ತು.

“ಯಾರ ಮ್ಯಾಲ ಸಂಶಯ?”

“ವಾಚ್‌ಮನ್ ಸಿದ್ರಾಯ. ಹೋದ ವಾರ ನಿದ್ದಿ ಹೊಡಿತಿದ್ದಾಗ ಬೈದಿದ್ದೆ.”

10.30ಕ್ಕೆ ಎಫ್‌ಐಆರ್ ಆಯಿತು. 11.15ಕ್ಕೆ ದಾಕ್ಷಾಯಿಣಿ ಹೆಡ್ ಕಾನ್‌ಸ್ಟೆಬಲ್ ಕಲ್ಲಪ್ಪನೊಂದಿಗೆ ಕೇಂದ್ರದಲ್ಲಿದ್ದಳು.

“ನಿದ್ದಿ ಮಾಡೂದು ಬಿಟ್ಟು ನನಗ ಬ್ಯಾರೆ ಗುನ್ನೆ ಗೊತ್ತಿಲ್ರಿ, ಮೇಡಂ” ಎಂದ ಸಿದ್ರಾಯ. ಒಳಕೋಣೆಯ ಕೀಲಿ ಅವನ ಬಳಿ ಇರಲೇ ಇಲ್ಲ. ಒಂದು ಗುರುರಾಜನಲ್ಲಿ, ಇನ್ನೊಂದು ಲ್ಯಾಬ್ ಟೆಕ್ನಿಷಿಯನ್ ಶೈಲಾಳಲ್ಲಿ. ಶನಿವಾರ ಕೊನೆಗೆ ಹೋದವರು ಯಾರು ಎಂದರೆ ಸಿದ್ರಾಯನಿಗೆ ನೆನಪಿಲ್ಲ. ಶೈಲಾ ಮೇಜಿನ ಬಳಿ ನಿಂತು ಕೇಳಿದ್ದಕ್ಕಷ್ಟೇ ಉತ್ತರಿಸಿದಳು. ಮುಖದಲ್ಲಿ ಗಾಬರಿಯಿರಲಿಲ್ಲ.

ಪಂಚನಾಮೆಗೆ ಕಲ್ಲಪ್ಪ ಒಂದೊಂದೇ ನಳಿಕೆ ಎಣಿಸತೊಡಗಿದ.

“ಎಣಿಸೂದ್ಯಾಕ್ರಿ? ಎಲ್ಲಾ ಹಾಳಾಗ್ಯಾವು. 640 ಅಂತ ಬರ್ಕೊಳ್ರಿ” ಎಂದ ಗುರುರಾಜ.

“ನಿಮ್ಮ ಲೆಕ್ಕ ನಿಮಗ, ನಮ್ಮ ಪಂಚನಾಮೆ ನಮಗ್ರಿ, ಸಾಹೇಬ್ರ” ಎಂದು ಕಲ್ಲಪ್ಪ ಎಣಿಸುತ್ತಲೇ ಹೋದ.

ಎಣಿಕೆ ಒಂದೂವರೆ ತಾಸು ಹಿಡಿಯಿತು. 639. ಮೂರನೇ ಪೆಟ್ಟಿಗೆಯಲ್ಲಿ ಒಂದು ತೂತು ಖಾಲಿ. ನಂಬರ್ 217.

ಎಲ್ಲವನ್ನೂ ಕೆಡಿಸಲು ಬಂದವರು ಒಂದನ್ನು ಯಾಕೆ ಉಳಿಸಿಕೊಂಡರು?

“217 ಯಾರ ರಕ್ತ?”

“ಹೇಳಾಕ ಬರೂದಿಲ್ರಿ. ಹೆಸರಿನ ಯಾದಿ ಲಕೋಟ್ಯಾಗ ಸೀಲ್ ಮಾಡೈತಿ, ನಂಬರಿನ ಚೀಟಿ ರಕ್ತ ಕೊಟ್ಟವರ ಕೈಯಾಗ ಅಷ್ಟ. ಲ್ಯಾಬಿನ್ಯಾಗ ಬರೀ ನಂಬರ್ ನಡೀತಾವು. ಸಂಶೋಧನಾ ಮುಗಿಯೂತನಕ ಒಡೆಯೂದಿಲ್ಲ, ಅದು ನಿಯಮ” ಎಂದ ಗುರುರಾಜ.

“ನೋಟಿಸು ಕೊಡತೇನಿ, ಒಡೀರಿ. ಗುನ್ನೆಗೂ ನಿಯಮ ಅದಾವು.”

ಸಂಜೆ 4.10ಕ್ಕೆ ಲಕೋಟೆ ತೆರೆಯಿತು. ಶಿವಗಂಗವ್ವ, 58 ವರ್ಷ, ತುಕ್ಕಾನಟ್ಟಿ.

ಮರುದಿನ ಬೆಳಿಗ್ಗೆ 8.30. ತುಕ್ಕಾನಟ್ಟಿಯ ಮನೆಯಲ್ಲಿ ಶಿವಗಂಗವ್ವನ ಮಗ ಮಹೇಶ ಎಮ್ಮೆಗೆ ಮೇವು ಹಾಕುತ್ತಿದ್ದ.

“ಅವ್ವ ಸೆಪ್ಟೆಂಬರ್ ಹನ್ನೊಂದಕ್ಕ ತೀರಿಕೊಂಡ್ಲು, ಮೇಡಂ. ಕಿಡ್ನಿ ಹೋಗಿದ್ವು.”

“ರಕ್ತ ಕೊಟ್ಟಾಗ ನಂಬರಿನ ಚೀಟಿ ಕೊಟ್ಟಿದ್ರಲ್ಲ, ಎಲ್ಲೈತಿ?”

“ದೇವರ ಜಗಲಿ ಮ್ಯಾಲ ಲಿಂಗದ ಬಾಜೂ ಇಟ್ಟಿದ್ಲು. ಮಗಳು ಕೆಲಸ ಮಾಡೂ ಜಾಗಾದ್ದು ಅಂತ ಭಾಳ ಹೆಮ್ಮಿ. ದಿನಕರ್ಮಕ್ಕ ಬಂದಾಗ ಶೈಲಕ್ಕ ನೋಡಿ, ತಗೊಂಡು ಹೋದ್ಲು.”

ಕಲ್ಲಪ್ಪ ಬರೆಯುವುದನ್ನು ನಿಲ್ಲಿಸಿದ. ದಾಕ್ಷಾಯಿಣಿ ಮತ್ತೆ ಕೇಳಿದಳು: “ಶೈಲಾ ಈಚೆಗೆ ಬಂದಿದ್ಲೇನು?”

“ಆಯ್ತವಾರ ಬಂದಿದ್ಲ್ರಿ. ಮನಿಗೆ ಬರಲಿಲ್ಲ, ನೆಟ್ಟಗ ಹೊಲಕ್ಕ ಹೋದ್ಲು. ಅವ್ವನ್ನ ಅಲ್ಲೇ ಮಣ್ಣು ಮಾಡೇವಿ.”

ಹೊಲದ ಮೂಲೆಯಲ್ಲಿ ಸಮಾಧಿಯ ತಲೆಬದಿ ಅಂಗೈಯಗಲ ಮಣ್ಣು ಸಡಿಲವಾಗಿತ್ತು. ಪಂಚರ ಎದುರು ಗೇಣುದ್ದ ಕೆದರಿದಾಗ, ಮುಚ್ಚಳ ತೆಗೆದ ಖಾಲಿ ನಳಿಕೆ ಸಿಕ್ಕಿತು. 217.

ಮಧ್ಯಾಹ್ನ 1.20ಕ್ಕೆ ಠಾಣೆಗೆ ಕರೆಸಿದಾಗ ಶೈಲಾ ನಳಿಕೆಯನ್ನು ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು.

“ನೀನ ಏನು?”

“ನಾನ ರೀ. ಏಪ್ರಿಲ್‌ದಾಗ ಆ ಸೀರಂ ಮಷಿನ್ನಿಗೆ ಹಾಕಿದಾಕಿನೂ ನಾನ. ಕ್ರಿಯಾಟಿನಿನ್ ಅಂತ, ಕಿಡ್ನಿ ಹೊರಗ ಹಾಕಬೇಕಾದ ಕಸ. ಒಂದರ ಆಜೂಬಾಜೂ ಇರಬೇಕು, ಆರು ಪಾಯಿಂಟ್ ಎಂಟು ಬಂತು. ‘ಸರ್, ಇವರಿಗೆ ತಿಳಿಸೂಣ್ರಿ’ ಅಂದೆ. ‘ಪೇಪರ್ ಛಾಪಾಗೂತನಕ ನಂಬರಿಗೆ ಹೆಸರಿಲ್ಲ, ಶೈಲಾ’ ಅಂದ್ರು. ಸುಮ್ಮನಾದೆ. ಅವ್ವ ಮೊಣಕಾಲು ನೋವಿಗೆ ದಿನಾ ಎರಡು ಗುಳಿಗಿ ನುಂಗಾಕತ್ತಿದ್ಲು. ಅಂಥಾ ಕಿಡ್ನಿಗೆ ಅವು ವಿಷ. ಗೋಕಾಕದಿಂದ ತಂದು ಕೊಡ್ತಿದ್ದಾಕಿ ನಾನ.”

“ಅದಕ್ಕ ಫ್ರೀಜರ್ ಆರಿಸಿದಿ.”

“ಚೀಟಿ ಸಿಕ್ಕ ಮ್ಯಾಲ ಅವರ ಮುಂದ ಇಟ್ಟೆ. ನಂಬರೂ ಓದಲಿಲ್ಲ, ‘ಡೇಟಾ ಆದ್ರೂ ಉಳೀತಲ್ಲ’ ಅಂದ್ರು. ಅದನ್ನೂ ಉಳಸಬಾರದು ಅಂತ ಅವತ್ತ ತೀರ್ಮಾನ ಮಾಡಿದೆ. ಎರಡು ತಿಂಗಳು ನಗ್‌ನಗತಾ ಚಹಾ ಕೊಟ್ಟೇನಿ ಅವರಿಗೆ. ಸೋಮವಾರ ಫ್ರೀಜರಿನ ಬಾಗಲಾ ತೆರದಾಗ ಅವರ ಮಾರಿ ಹೆಂಗಾತು, ನೋಡಬೇಕಿತ್ತು. ನೋಡಿದೆ.”

“ಆ ನಳಿಕಿ ಅಲ್ಲೇ ಬಿಟ್ಟಿದ್ರ ನೀ ಸಿಗತಿರಲಿಲ್ಲ.”

“ಅವ್ವನ್ನೂ ಅದರಾಗ ಕೊಳಸ್ಲ್ಯಾ ರೀ?”

2.45ಕ್ಕೆ ದಸ್ತಗಿರಿ. ಭಾರತೀಯ ನ್ಯಾಯ ಸಂಹಿತೆ, ಕಲಂ 324, ಸ್ವತ್ತಿಗೆ ಹಾನಿ. ಶೈಲಾ ಸಹಿ ಹಾಕಿದಳು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ.

ಲಕೋಟೆಯ ಯಾದಿ ಇನ್ನೂ ಮೇಜಿನ ಮೇಲಿತ್ತು. ದಾಕ್ಷಾಯಿಣಿ ಗುರುರಾಜನನ್ನು ಕೂಡಿಸಿ, ಶಿವಗಂಗವ್ವನಂತೆ ಕ್ರಿಯಾಟಿನಿನ್ ಆರು ದಾಟಿದ್ದವರ ನಂಬರಿಗೆಲ್ಲ ಹೆಸರು ಬರೆಸಿದಳು. ಘೋಡಗೇರಿಯವರಿದ್ದರು, ಬೆಲ್ಲದ ಬಾಗೇವಾಡಿಯವರಿದ್ದರು. ಕಲ್ಲಪ್ಪ ಸಂಜೆಯವರೆಗೂ ಫೋನ್ ಹಚ್ಚಿದ. ಅದು ತನಿಖೆಗೆ ಬೇಕಾದ ಕೆಲಸವಲ್ಲ. ಆದರೂ ಆಕೆ ಕೇಸ್ ಡೈರಿಯ ಕೊನೆಯಲ್ಲಿ ಬರೆದಳು:

ಕೆಟ್ಟ ನಳಿಕೆ 639. ಆರು ದಾಟಿದ್ದವರು 11. ಇವತ್ತು ವಿಷಯ ತಿಳಿಸಿದ್ದು 7 ಜನಕ್ಕೆ. ಸತ್ತವರು, ಶಿವಗಂಗವ್ವ ಸೇರಿ, 4.